ಹೂದಾನಿಯಾಗಲು ಒಪ್ಪದ ಟೀಪಾಟ್

ಚಹಾ ತೋಟಗಳ ನಡುವೆ, ತಂಪಾದ ಬೆಟ್ಟದ ಮೇಲೆ ಒಂದು ದುಬಾರಿ ರೆಸಾರ್ಟ್ ಇತ್ತು. ಅಲ್ಲಿ ಎಲ್ಲರಿಗೂ ಟೀ ಬ್ಯಾಗ್ ಕೊಡಲು ಶುರುವಾದ ಮೇಲೆ ಹಳೆಯ ಪಿಂಗಾಣಿ ಟೀಪಾಟ್‌ಗೆ ಕೆಲಸ ಉಳಿಯಲಿಲ್ಲ. ಮ್ಯಾನೇಜರ್ ಉತ್ತಯ್ಯ ಅದರ ಮುಚ್ಚಳ ತೆಗೆಸಿ, ತಣ್ಣೀರು ತುಂಬಿಸಿ, ಉದ್ದ ದಂಟಿನ ಗುಲಾಬಿಗಳನ್ನು ಸಿಕ್ಕಿಸಿ, ಅತಿಥಿಗಳ ಮೇಜಿನ ಮೇಲೆ ಇಡಿಸಿದರು.

ಪಕ್ಕದಲ್ಲಿದ್ದ ಗಾಜಿನ ಹೂದಾನಿ ಹೇಳಿತು: "ಅದೃಷ್ಟವಂತೆ ಕಣಮ್ಮ ನೀನು. ಇನ್ನು ಕುದಿನೀರಿಲ್ಲ, ದುಡಿಮೆಯಿಲ್ಲ. ಸುಮ್ಮನೆ ನಿಂತರೆ ಸಾಕು, ಎಲ್ಲರೂ ಫೋಟೊ ತೆಗೆಯುತ್ತಾರೆ."

"ನಾನು ಹೂದಾನಿಯಲ್ಲ. ನನ್ನೊಳಗೆ ಏನು ಹಾಕಿದರೂ ಅದನ್ನು ಬಡಿಸುತ್ತೇನೆ," ಎಂದಿತು ಟೀಪಾಟ್.

"ಹಟ ಮಾಡಬೇಡ. ಉಗ್ರಾಣಕ್ಕೆ ಹಾಕಿಬಿಡುತ್ತಾರೆ. ಆಮೇಲೆ ಇಲಿಗಳಿಗೆ ಬಡಿಸುತ್ತಾ ಕೂತಿರು!"

ಗುಲಾಬಿಗಳು ಭಾರಕ್ಕೆ ಮುಂದಕ್ಕೆ ವಾಲಿದಾಗ ಟೀಪಾಟ್ ತಾನೂ ವಾಲಿತು. ಹೂವಿನ ನೀರನ್ನು ಮೂತಿಯಿಂದ ಅತಿಥಿಯೊಬ್ಬರ ಖಾಲಿ ಕಪ್ಪಿಗೆ ನೇರವಾಗಿ ಸುರಿಯಿತು. ಮೇಜುಬಟ್ಟೆಯ ಮೇಲೆ ಒಂದು ಹನಿಯೂ ಬೀಳಲಿಲ್ಲ.

"ಏನ್ರೀ ಇದು, ಹೂವಿನ ನೀರು ಕುಡಿಸ್ತೀರಾ ನಮಗೆ?" ಎಂದು ಅತಿಥಿ ಕೂಗಿದರು.

ಉತ್ತಯ್ಯನವರ ಮುಖ ಕೆಂಪಾಯಿತು. "ಇದನ್ನು ಈಗಲೇ ಉಗ್ರಾಣಕ್ಕೆ ಹಾಕಿ," ಎಂದರು.

"ನೋಡಿದೆಯಾ? ಸಿಕ್ಕಿದ್ದ ಜಾಗವನ್ನೂ ಕಳೆದುಕೊಂಡೆ," ಎಂದು ಹೂದಾನಿ ನಕ್ಕಿತು.

"ಅದು ಹೂದಾನಿಯ ಜಾಗ. ಹೂದಾನಿಗೇ ಬಿಟ್ಟಿದ್ದೇನೆ," ಎಂದು ಹೇಳಿ ಟೀಪಾಟ್ ಟ್ರೇಯ ಮೇಲೆ ಮೂತಿ ಎತ್ತಿಕೊಂಡೇ ಹೊರಟಿತು.