ಬಳೆಗಾರ ಹೇಳದೆ ತಂದ ಮಾತ್ರೆ

“ಬುದ್ಧಿ, ಮಗುವಿಗೆ ಅಮ್ಮ ಆದಾಗ ಔಷಧ ಕೊಡಬಾರದು ಅಂತಾರೆ ಮನೆಯವರು. ಕೊಡಬೇಕು ಅಂತಾರೆ ಓದಿದವರು. ತಂದೆಯಾದವನು ಯಾರ ಮಾತು ಕೇಳಬೇಕು?”

ಮಠದ ಜಗಲಿಯಲ್ಲಿ ಕುಳಿತು ನಿಂಗಯ್ಯ ಕೇಳಿದ. ಯಾರದೋ ಮನೆಯ ಸಂಗತಿ ಎಂಬಂತೆ ಕೇಳಿದ. ಅವನ ಐದು ವರ್ಷದ ಮಗಳ ಮೈಮೇಲೆ ಗುಳ್ಳೆ ಎದ್ದು ಮೂರು ದಿನವಾಗಿತ್ತು. ಜ್ವರ ಇಳಿದಿರಲಿಲ್ಲ. ನಿಂಗಯ್ಯನ ಅವ್ವ ಔಷಧ ಬೇಡವೆಂದಿದ್ದಳು. ಅವಳಿಗೆ ಕಾಣದಂತೆ ತಂದ ಮಾತ್ರೆ ಅಂಗಿಯ ಜೇಬಿನಲ್ಲಿತ್ತು. ಕೊಡುವುದೋ ಬಿಡುವುದೋ ತಿಳಿಯದೆ ಮನೆಯ ದಾರಿ ಬಿಟ್ಟು ಮಠಕ್ಕೆ ಬಂದಿದ್ದ.

ಗುರುಗಳು ಅವನನ್ನೊಮ್ಮೆ ನೋಡಿದರು. ಕತೆ ಹೇಳಿದರು.

ಒಬ್ಬ ಬಳೆಗಾರ. ಅವನ ಮಗನಿಗೆ ಅಮ್ಮ ಆಯಿತು. ಬಳೆಗಾರನ ತಾಯಿ ಬಾಗಿಲಿಗೆ ಬೇವು ಕಟ್ಟಿದಳು, ಅಡುಗೆಗೆ ಒಗ್ಗರಣೆ ನಿಲ್ಲಿಸಿದಳು. ಅಮ್ಮ ಮನೆಯಲ್ಲಿರುವಾಗ ಔಷಧದ ಮಾತೆತ್ತಬಾರದು, ಹೊರಗೆ ಹೋಗಿ ಆ ಸುದ್ದಿ ಆಡಲೂಬಾರದು ಎಂದಳು.

ಹುಡುಗನ ಮೈ ಕೆಂಡವಾಗಿತ್ತು. ಬಳೆಗಾರನಿಗೆ ತಡೆಯಲಾಗಲಿಲ್ಲ. ಪೇಟೆಯ ಔಷಧಿ ಅಂಗಡಿಗೆ ಹೋಗಿ ಜ್ವರಕ್ಕೆ, ಮೈಕೈ ನೋವಿಗೆ ಮಾತ್ರೆ ಕೇಳಿದ. ಯಾರಿಗೆ ಎಂದು ಅಂಗಡಿಯವನು ಕೇಳಿದ. ನನಗೇ ಎಂದ. ಹಾಗೆಂದರೆ ಅಮ್ಮನ ಹೆಸರೆತ್ತಿದಂತಾಗುವುದಿಲ್ಲ ಎಂದುಕೊಂಡ. ಅಂಗಡಿಯವನು ಆಸ್ಪಿರಿನ್ ಕೊಟ್ಟ.

ಚಿಕ್ಕವನಿಗೆ ಅರ್ಧ ಸಾಕೆಂದು ಬಳೆಗಾರ ಮಾತ್ರೆ ಮುರಿದ. ತಾಯಿ ಹಿತ್ತಲಿಗೆ ಹೋದಾಗಲೆಲ್ಲ ಬೆಲ್ಲದ ನೀರಿನಲ್ಲಿ ಕದಡಿ ಕುಡಿಸಿದ. ಎರಡು ದಿನಕ್ಕೆ ಜ್ವರ ಇಳಿಯಿತು. ಗುಳ್ಳೆ ಬಾಡಿದವು. ತಾಯಿ ಬೇವಿಗೆ ಕೈಮುಗಿದಳು. ಬಳೆಗಾರ ಒಳಗೊಳಗೇ ಹಿಗ್ಗಿದ.

ಮೂರನೆಯ ದಿನ ಹುಡುಗನಿಗೆ ವಾಂತಿ ಶುರುವಾಯಿತು. ನಿಲ್ಲಲಿಲ್ಲ. ಆಮೇಲೆ ಮಂಪರು. ಅಲುಗಾಡಿಸಿ ಎಬ್ಬಿಸಿದರೆ ತಂದೆಯ ಮುಖ ನೋಡಿ ನೀನು ಯಾರು ಎಂದ. ಅಮ್ಮ ಮುನಿದಳು ಎಂದು ಅಜ್ಜಿ ಅತ್ತಳು. ಬಳೆಗಾರನಿಗೆ ದಿಕ್ಕು ತೋಚಲಿಲ್ಲ. ಕೊಟ್ಟದ್ದು ತಪ್ಪಾಯಿತೋ, ಕೊಟ್ಟದ್ದು ಸಾಲದಾಯಿತೋ. ಉಳಿದರ್ಧ ಮಾತ್ರೆ ಅಂಗೈಯಲ್ಲಿಟ್ಟುಕೊಂಡು ನಿಂತ. ಕೊನೆಗೆ ಅದನ್ನು ಕೊಡದೆ ಮಗನನ್ನೆತ್ತಿಕೊಂಡು ಆಸ್ಪತ್ರೆಗೆ ಓಡಿದ.

ಡಾಕ್ಟರು ಗುಳ್ಳೆಯ ಹಕ್ಕಳೆ ನೋಡಿದರು. ಅಂಗೈಯ ಮಾತ್ರೆ ನೋಡಿದರು. ಸೀತಾಳೆ ಸಿಡುಬು ಎದ್ದ ಮಕ್ಕಳಿಗೆ ಇದನ್ನು ಕೊಟ್ಟರೆ ಕೆಲವರಿಗೆ ಮಿದುಳಿಗೂ ಲಿವರಿಗೂ ಪೆಟ್ಟು ಬೀಳುತ್ತದೆ ಎಂದರು. ಅವರ ಜ್ವರಕ್ಕೆ ಬೇರೆ ಔಷಧ ಇದೆ ಎಂದರು. ಹುಡುಗನನ್ನು ಒಳಗೆ ಕಳಿಸಿ, ನಿನ್ನ ಕಸುಬೇನು ಎಂದು ಕೇಳಿದರು.

“ಬಳೆ ತೊಡಿಸ್ತೀನಿ ಸ್ವಾಮಿ.”

“ಕೈ ಹಿಡಿದು ನೋಡದೆ ತೊಡಿಸ್ತೀಯಾ?”

“ಉಂಟೇ? ಒಡೆದು ಚುಚ್ಚುತ್ತೆ.”

ಡಾಕ್ಟರು ಅವನ ಅಂಗೈಯಿಂದ ಆ ಅರ್ಧ ಮಾತ್ರೆ ಎತ್ತಿಕೊಂಡು ಒಳಗೆ ಹೋದರು.

ಗುರುಗಳು ಅಲ್ಲಿಗೆ ನಿಲ್ಲಿಸಿದರು. ನಿಂಗಯ್ಯನಿಗೆ ತಲೆ ಇನ್ನೂ ಗೋಜಲಾಯಿತು. ಔಷಧ ಕೊಡು ಎಂದರೋ, ಬೇಡ ಎಂದರೋ. ಹುಡುಗ ಉಳಿದನೇ ಎಂದು ಕೇಳಿದ. ಉಳಿದ, ತಂದೆಯ ಗುರುತು ಹತ್ತಲು ಹದಿನೆಂಟು ದಿನ ಹಿಡಿಯಿತು ಎಂದರು ಗುರುಗಳು. ನಿಂಗಯ್ಯನ ಕೈ ತಾನಾಗಿ ಜೇಬಿನ ಮೇಲೆ ಹೋಯಿತು.

ಗುರುಗಳು ಎದ್ದರು.

“ನಿನ್ನ ಹೆಗಲ ಮೇಲೆ ಬೇವಿನೆಲೆ ಇದೆ ನಿಂಗಯ್ಯ, ಜೇಬಿನಲ್ಲಿರೋದನ್ನ ಯಾರಿಗೆ ಅಂತ ಹೇಳಿ ತಂದೆ?”