ಪೂಜೆಗೆ ಬೆಟ್ಟ ಹತ್ತದ ಕಾರು

ಮೈಸೂರಿನಲ್ಲಿ ಮದುವೆ ಕಾರುಗಳಿಗೆ ಹೂವಿನ ಅಲಂಕಾರ ಮಾಡುವವನೊಬ್ಬ ದೊಡ್ಡ ವಿದೇಶಿ ಕಾರು ಕೊಳ್ಳಲು ಹೊರಟ. ಕೈಯಲ್ಲಿದ್ದದ್ದು ಎರಡೇ ಲಕ್ಷ. ಹಳೇ ಕಾರು ಮಾರುವ ಶಾಂತವೀರಪ್ಪ ಅವನ ಚಪ್ಪಲಿ ನೋಡಿಯೇ ಮೂಗು ಮುರಿದ.

“ಎಂಟು ಲಕ್ಷ. ಒಂದು ಪೈಸೆ ಕಮ್ಮಿಯಿಲ್ಲ. ಗಾಡಿ ಮದುಮಗಳ ಹಾಗಿದೆ!”

“ಆಗಲಿ ಯಜಮಾನ್ರೇ. ಆದರೆ ಪೂಜೆ ಚಾಮುಂಡಿ ಬೆಟ್ಟದಲ್ಲೇ ಆಗಬೇಕು. ನೀವೇ ಓಡಿಸಿ, ಅಮ್ಮಾವ್ರನ್ನೂ ಕೂರಿಸ್ಕೊಳ್ಳಿ. ಮೇಲೆ ನಿಂಬೆಹಣ್ಣು ತುಳಿಸಿ, ತಾಯಿ ಮುಂದೆಯೇ ದುಡ್ಡಿನ ಮಾತು ಮುಗಿಸೋಣ.”

ಶಾಂತವೀರಪ್ಪನ ಮುಖ ಬಿಳುಚಿತು. ಏರು ಕಂಡರೆ ಗಾಡಿ ನಿಂತೇಬಿಡುತ್ತದೆಂದು ಅವನಿಗೆ ಗೊತ್ತಿತ್ತು.

“ಬೆಟ್ಟ ಯಾಕಪ್ಪ? ಬೀದಿ ಗಣಪತಿ ಇದ್ದಾನಲ್ಲ?”

“ಹರಕೆ ಸ್ವಾಮಿ, ಬೆಟ್ಟವೇ ಆಗಬೇಕು.”

ಬೆಟ್ಟದ ಹೆಸರೆತ್ತಿದಾಗಲೆಲ್ಲ ಬೆಲೆ ಇಳಿಯಿತು. ಕೊನೆಗೆ ಎರಡು ಲಕ್ಷಕ್ಕೆ ಕೀ ಕೈಗೆ ಬಂತು.

“ಈ ಆನೆಗೆ ಪೆಟ್ರೋಲ್ ಹಾಕೋಕೆ ಮನೆ ಮಾರ್ತೀಯ!” ಎಂದು ಶಾಂತವೀರಪ್ಪ ಹಲ್ಲು ಕಡಿದ.

“ಓಡಿಸೋರು ಯಾರು? ಛತ್ರದ ಮುಂದೆ ಹೂ ಮುಡಿಸಿ ನಿಲ್ಲಿಸ್ತೀನಿ. ಗಂಡು ಹೆಣ್ಣು ಕೂತು ಫೋಟೊ ತೆಗೆಸ್ಕೊಳ್ಳೋಕೆ ಬಾಡಿಗೆ. ನಿಮ್ಮ ಮಗಳ ಮದುವೆಗೆ ಬೀಗರು ಮೊನ್ನೆಯೇ ಹೇಳಿಟ್ಟಿದ್ದಾರೆ. ಬಾಡಿಗೆ ಮಾತ್ರ ಹೆಣ್ಣಿನ ಕಡೆಯವರ ಹತ್ತಿರ ಇಸ್ಕೋ ಅಂದ್ರು!”