ಎರಡು ಬೆರಳು ಬಟ್ಟೆ

"ಅಣ್ಣ, ಹೊಲಿಗೆ ಮಿಷನ್ ಅಂಗಡಿಗಳ ಬೀದಿ ಯಾವ ಕಡೆ?"

ಭಾಮಿನಿ ಆಗಲೇ ಇಬ್ಬರನ್ನು ಕೇಳಿ ಕೆಟ್ಟಿದ್ದಳು. ಮೊದಲನೆಯವನು ಪಂಪ್‌ಸೆಟ್ ಅಂಗಡಿಗಳ ಮುಂದೆ ತಂದು ನಿಲ್ಲಿಸಿದ್ದ. ಎರಡನೆಯವನು ಹಿಟ್ಟಿನ ಗಿರಣಿಗೆ ಮುಟ್ಟಿಸಿದ್ದ. ಸೀಬೆಹಣ್ಣಿನ ಗಾಡಿಯವನು ಮಾತ್ರ ಸ್ವಲ್ಪ ಯೋಚಿಸಿ, ಬಂದ ದಾರಿಯಲ್ಲೇ ಹಿಂದಕ್ಕೆ ಹೋಗಿ ಎಂದ.

ಅವಳ ಗುರು ದೇವೀರಮ್ಮನಿಗೆ ದಾರಿ ತಪ್ಪಿದ ಚಿಂತೆಯೇ ಇರಲಿಲ್ಲ. ಗಿರಣಿಯಲ್ಲಿ ರಾಗಿಯ ರೇಟು ವಿಚಾರಿಸಿಕೊಂಡು ಬಂದಿದ್ದರು. ಈಗ ಸೀಬೆಹಣ್ಣಿಗೆ ಉಪ್ಪುಕಾರ ಹಾಕಿಸಿಕೊಳ್ಳುತ್ತಿದ್ದರು.

"ಅಮ್ಮ, ನಾವು ಬಂದಿರೋದು ಮಿಷನ್ ಕೊಳ್ಳೋಕೆ."

"ಮಿಷನ್ ಎಲ್ಲಿಗೂ ಓಡಿಹೋಗಲ್ಲ. ಈ ಗಾಡಿಗೆ ಚಕ್ರ ಇದೆ."

ಹೊಳೆದಂಡೆಯ ಆಶ್ರಮವೊಂದರ ಜಗಲಿಯಲ್ಲಿ ದೇವೀರಮ್ಮ ಹೊಲಿಗೆ ಕಲಿಸುತ್ತಿದ್ದರು. ಶುಲ್ಕ ಗಿಲ್ಕ ಇಲ್ಲ. ಕಲಿತವಳು ಹೊರಡುವಾಗ ಗುರುವಿಗೊಂದು ರವಿಕೆ ಹೊಲಿದು ಕೊಡಬೇಕು, ಅಷ್ಟೇ ಋಣ. ಆ ರವಿಕೆಯನ್ನು ಅವರು ತೊಟ್ಟ ಮೇಲೆ ಶಿಷ್ಯೆ ಮನೆ ಮುಂದೆ ತನ್ನ ಬೋರ್ಡು ಹಾಕಬಹುದು.

ತೊಡುವ ಮೊದಲು ಅವರು ಅದರ ಒಳಮಗ್ಗುಲನ್ನು ಹೊರಕ್ಕೆ ತಿರುಗಿಸಿ ನೋಡುತ್ತಿದ್ದರು. ಹೊರಗಿನದನ್ನು ನೋಡೋಕೆ ಊರೆಲ್ಲ ಇದೆ ಎನ್ನುತ್ತಿದ್ದರು.

ಭಾಮಿನಿಯ ಸಂಕಟ ಈ ಒಳಮಗ್ಗುಲೇ. ರವಿಕೆ ಹೊಲಿದಾಗಿತ್ತು. ಕೆಂಪು ಬಣ್ಣ, ಚೆಂದದ ಕೊರಳು. ಒಳಗೆ ನೋಡಿದರೆ ಅಂಚಿನುದ್ದಕ್ಕೂ ಎಳೆ ಬಿಡುತ್ತಿತ್ತು. ಕೊಡಲು ನಾಚಿಕೆಯಾಗಿ ಅದನ್ನು ಚೀಲದಲ್ಲೇ ಇಟ್ಟುಕೊಂಡು ಓಡಾಡುತ್ತಿದ್ದಳು.

ಓವರ್‌ಲಾಕ್ ಮಿಷನ್ ಒಂದಿದ್ದರೆ ಈ ಕಾಟವಿಲ್ಲ. ಅದು ಬಟ್ಟೆಯ ಅಂಚನ್ನು ಕತ್ತರಿಸುತ್ತ ಹೋಗುತ್ತದೆ, ಕತ್ತರಿಸಿದ ಕಡೆ ದಾರ ಸುತ್ತುತ್ತ ಬರುತ್ತದೆ. ಭಾಮಿನಿ ಫೋನಿನಲ್ಲಿ ವಿಡಿಯೋ ನೋಡಿ ನೋಡಿ ಯಾವುದಕ್ಕೆ ಎಷ್ಟು ದಾರ, ಯಾವುದಕ್ಕೆ ಎಷ್ಟು ವೇಗ ಎಲ್ಲ ಬಾಯಿಪಾಠ ಮಾಡಿದ್ದಳು. ಕೂಡಿಟ್ಟ ದುಡ್ಡಿನಲ್ಲಿ ಒಂದು ಬರುತ್ತದೆ, ಎರಡು ಬರುವುದಿಲ್ಲ. ಅದಕ್ಕೇ ಗುರುವನ್ನು ಜೊತೆಗೆ ಕರೆದಿದ್ದಳು.

ದೇವೀರಮ್ಮ ಒಪ್ಪಿದ್ದು ಬೇರೆ ಕಾರಣಕ್ಕೆ. ಜ್ವರ ಬಿದ್ದು ಎದ್ದಿದ್ದರು. ಗಂಜಿ ಕುಡಿದು ನಾಲಗೆ ಸತ್ತಿದೆ, ಪಟ್ಟಣದಲ್ಲಿ ದೋಸೆ ಸಿಗುತ್ತದಲ್ಲ ಎಂದಿದ್ದರು.

ಕೊನೆಗೂ ಬೀದಿ ಸಿಕ್ಕಿತು. ಬೀದಿಯಲ್ಲಿ ಎಲ್ಲಕ್ಕಿಂತ ದೊಡ್ಡ ಅಂಗಡಿಗೆ ಭಾಮಿನಿ ನುಗ್ಗಿದಳು. ದೇವೀರಮ್ಮ ಉಳಿದ ಸೀಬೆಹೋಳು ತಿನ್ನುತ್ತ ಮೆಟ್ಟಿಲ ಮೇಲೆ ಕುಳಿತರು.

ಅಂಗಡಿಯವನು ಅಲ್ಲಿದ್ದುದರಲ್ಲೆಲ್ಲ ದೊಡ್ಡ ಮಿಷನ್ ತೋರಿಸಿದ. ಗಾರ್ಮೆಂಟ್ಸ್‌ನವರು ಕಣ್ಣುಮುಚ್ಚಿ ಒಯ್ಯುವ ಮಾಲು ಎಂದ. ಅದನ್ನು ಮನೆಯಲ್ಲಿಟ್ಟರೆ ಭಾಮಿನಿ ಮಂಚವನ್ನು ಬೀದಿಗೆ ಹಾಕಬೇಕಿತ್ತು. ಆ ಹೊತ್ತಿಗೆ ಅವಳಿಗೆ ಮಂಚ ನೆನಪಿಗೆ ಬರಲಿಲ್ಲ.

"ಬಟ್ಟೆ ಏನಾದರೂ ತಂದಿದ್ದರೆ ಓಡಿಸಿ ನೋಡಿ ಮೇಡಂ."

ಭಾಮಿನಿ ಚೀಲದಿಂದ ಕೆಂಪು ರವಿಕೆ ತೆಗೆದಳು.

ರವಿಕೆಯ ಎರಡು ಪಕ್ಕದಲ್ಲೂ ದೇವೀರಮ್ಮ ಕಲಿಸಿದಂತೆ ಎರಡು ಬೆರಳು ಬಟ್ಟೆ ಒಳಗೆ ಬಿಟ್ಟಿದ್ದಳು. ಅದರಲ್ಲಿ ಒಂದರ ಪಕ್ಕ ಒಂದು, ಮೂರು ಸಾಲು ಹೊಲಿಗೆ. ತೊಟ್ಟವಳು ಮೈ ತುಂಬಿಕೊಂಡಂತೆ ಮೈಗೆ ಹತ್ತಿರದ ಒಳಸಾಲಿನಿಂದ ಒಂದೊಂದೇ ಬಿಚ್ಚುತ್ತ ಹೋಗಬೇಕು. ಹೆಂಗಸರ ರವಿಕೆಗೆ ಇದೇ ಆಯುಸ್ಸು.

ಬಟ್ಟೆಯ ಅಂಚನ್ನು ಸೂಜಿಗೆ ಕೊಡುವ ಬದಲು ಅವಳು ವಿಡಿಯೋದಲ್ಲಿ ಕಂಡ ಹಾಗೆ ಒಳಸಾಲಿನ ಹೊಲಿಗೆಯನ್ನು ಕೊಟ್ಟಳು. ಕಾಲು ಒತ್ತಿದ್ದೇ ತಡ, ಮಿಷನ್ ಜರ್ರೆಂದು ಓಡಿತು. ಖುಷಿಯಲ್ಲಿ ಇನ್ನೊಂದು ಪಕ್ಕವನ್ನೂ ಓಡಿಸಿದಳು.

ಅಂಚು ರೆಡಿಮೇಡ್‌ನಂತೆ ಮಿಂಚಿತು. ಕೆಳಗೆ ಎರಡು ಬೆರಳಗಲದ ಎರಡು ಕೆಂಪು ಪಟ್ಟಿ ಬಿದ್ದಿದ್ದವು.

ದೇವೀರಮ್ಮ ಒಳಗೆ ಬಂದವರು ಬಗ್ಗಿ ಪಟ್ಟಿಗಳನ್ನು ಎತ್ತಿಕೊಂಡರು. ಬೆರಳಿಗೆ ಸುತ್ತಿಕೊಂಡರು. ಹಸಿವಾಗುತ್ತಿದೆ, ನಡಿ ಎಂದರು.

ಹೋಟೆಲಿನಲ್ಲಿ ಅವರು ಎರಡನೇ ದೋಸೆ ತರಿಸಿಕೊಂಡ ಮೇಲೆ ಪಟ್ಟಿಗಳನ್ನು ಮೇಜಿನ ಮೇಲಿಟ್ಟರು.

"ನನ್ನ ಅಳತೆ ಯಾವಾಗ ತಗೊಂಡೆ?"

"ನಿಮಗೆ ಜ್ವರ ಬಂದಿದ್ದಾಗ."

"ಆಗ ಹೇಗಿದ್ದೆ?"

"ಕಡ್ಡಿ ಹಾಗಿದ್ದಿರಿ, ಅಮ್ಮ."

"ಇದೇನು ಹೇಳು?"

"ಕತ್ತರಿಸಿ ಬಿದ್ದ ಬಟ್ಟೆ."

"ಅಲ್ಲ. ನಾನು ಇನ್ನು ಮುಂದೆ ತಿನ್ನಬೇಕಿರೋ ದೋಸೆ."

ಗುರು ಮೈ ತುಂಬಿಕೊಂಡರೆ ಬಿಚ್ಚಲು ಇನ್ನು ಬಟ್ಟೆಯೇ ಇಲ್ಲ ಎಂದು ಭಾಮಿನಿಗೆ ಆಗ ಹೊಳೆಯಿತು. ಈ ರವಿಕೆ ಇನ್ನು ಗುರುವಿನ ತೋಳಿಗೂ ಹತ್ತುವುದಿಲ್ಲ. ಬೋರ್ಡೂ ಇಲ್ಲ. ನನಗೆ ಯಾವ ಮಿಷನ್ನೂ ಬೇಡ, ಊರಿಗೆ ಹೋಗೋಣ ಎಂದಳು.

"ಒಂದು ದೋಸೆ ಸೀದರೆ ಒಲೆ ಒಡೀತಾರೇನೆ?" ದೇವೀರಮ್ಮ ಚಟ್ನಿ ಬಳಿದು ಮುಗಿಸಿದರು. "ಸೀಬೆಹಣ್ಣಿನವನ ಹೆಂಡತಿ ತನ್ನ ಮಿಷನ್ ರಿಪೇರಿಗೆ ಕೊಡೋ ಅಂಗಡಿ ಇದೇ ಸಾಲಿನ ಕೊನೆಯಲ್ಲಿದೆಯಂತೆ. ಏಳು."

ಅದು ಖಲೀಲ್ ಸಾಹೇಬರ ಚಿಕ್ಕ ಅಂಗಡಿ. ಅರ್ಧ ಮಾರಾಟ, ಅರ್ಧ ರಿಪೇರಿ. ಮನೆಯಲ್ಲಿಡುವ ಓವರ್‌ಲಾಕ್ ಒಂದನ್ನು ಮುಂದಿಟ್ಟು ಅವರು ಅದರ ಗುಣಗಾನ ಶುರುಮಾಡಿದರು.

ದೇವೀರಮ್ಮ ಕೈ ಅಡ್ಡ ಹಿಡಿದರು.

"ಕತ್ತರಿಸೋದು ಎಲ್ಲ ಮಿಷನ್ನಿಗೂ ಗೊತ್ತು. ಇದಕ್ಕೆ ಸುಮ್ಮನಿರೋದು ಗೊತ್ತಾ?"

ಸಾಹೇಬರು ನಕ್ಕು ಪಕ್ಕದ ತಿರುಗಣಿ ತಿರುಗಿಸಿದರು. ಬ್ಲೇಡು ಕೆಳಗಿಳಿದು ಮರೆಯಾಯಿತು. ಅದರ ಮೇಲೆ ಬಟ್ಟೆ ಓಡಿಸಿದರು. ಅಂಚಿಗೆ ದಾರ ಸುತ್ತಿಕೊಂಡಿತು, ಬಟ್ಟೆಯ ಒಂದು ಎಳೆಯೂ ಕೆಳಗೆ ಬೀಳಲಿಲ್ಲ.

"ಗೊತ್ತು ತಾಯಿ. ನಾವು ಹೇಳಬೇಕು ಅಷ್ಟೆ."

ದೇವೀರಮ್ಮ ಅಲ್ಲೇ ಇದ್ದ ಕತ್ತರಿ ತೆಗೆದು ಮಿಷನ್ನಿನ ದಾರಗಳನ್ನೆಲ್ಲ ಕತ್ತರಿಸಿ ಎಳೆದುಹಾಕಿದರು. ಸಾಹೇಬರು ಹೌಹಾರಿದರು.

"ಪೋಣಿಸು" ಎಂದು ದೇವೀರಮ್ಮ ಭಾಮಿನಿಗೆ ಹೇಳಿದರು.

ನಾಲ್ಕು ದಾರ. ಎರಡು ಸೂಜಿಗೆ, ಎರಡು ಹೊಟ್ಟೆಯೊಳಗಿನ ಕೊಕ್ಕೆಗಳಿಗೆ. ಸಾಹೇಬರ ಕೈ ತಾನಾಗಿಯೇ ನೆರವಿಗೆ ಬಂತು. ದೇವೀರಮ್ಮ ಅದರಲ್ಲಿ ಕೊನೆಗೆ ಉಳಿದಿದ್ದ ಒಂದು ಸೀಬೆಹೋಳು ಇಟ್ಟರು.

ಭಾಮಿನಿ ಪೋಣಿಸಿದಳು, ಕಿತ್ತುಹೋಯಿತು. ಮತ್ತೆ ಪೋಣಿಸಿದಳು, ಗಂಟಾಯಿತು. ಸಾಹೇಬರು ಬಾಯಲ್ಲೇ ದಾರಿ ಹೇಳಿದರು, ಕೆಂಪು ಗುರುತಿಂದ ಕೆಂಪು ಗುರುತಿಗೆ, ಕೆಳಗಿನ ಕೊಕ್ಕೆ ಸೂಜಿಗಿಂತ ಮೊದಲು. ಕೊನೆಗೆ ಇರುವೆ ಸಾಲಿನ ಹಾಗೆ ದಾರದ ಸರಪಳಿ ಹೊರಬಂದಾಗ ಮೂವರೂ ಒಟ್ಟಿಗೆ ಉಸಿರು ಬಿಟ್ಟರು.

"ಈಗ ಎತ್ತಿಕೊಂಡು ಬಾಗಿಲ ತನಕ ಹೋಗಿ ಬಾ."

ಹೋಗಿ ಬಂದಳು. ಒಬ್ಬಳೇ ಎತ್ತುವ ಭಾರ. ಒಂದೇ ಅನುಮಾನ ಉಳಿದಿತ್ತು. ಇದರ ವೇಗ ಆ ದೊಡ್ಡದಕ್ಕೆ ಯಾವ ಮೂಲೆಗೂ ಸಾಲದು ಎಂದಳು.

"ತಪ್ಪು ಮಾಡ್ತಿದ್ದೀನಿ ಅಂತ ಗೊತ್ತಾದಾಗ ಕಾಲು ತೆಗೆಯೋಕೆ ಆಗುತ್ತಲ್ಲ? ಅಷ್ಟು ವೇಗ ಸಾಕು."

ಮಿಷನ್ ಬಸ್ಸಿನಲ್ಲಿ ಭಾಮಿನಿಯ ತೊಡೆಯ ಮೇಲೆ ಕೂತು ಊರಿಗೆ ಬಂತು.

ಯುಗಾದಿಯ ದಿನ ಭಾಮಿನಿ ಅದೇ ಕೆಂಪು ರವಿಕೆಯನ್ನು ಗುರುವಿನ ಮುಂದೆ ಇಟ್ಟಳು. ತನ್ನ ಹಸಿರು ಸೀರೆಯೊಂದರ ಅಂಚು ಬಿಚ್ಚಿ ಎರಡು ಪಕ್ಕಕ್ಕೂ ಪಟ್ಟಿ ಕೊಟ್ಟಿದ್ದಳು. ಕೈ ಎತ್ತಿದರೆ ಹಸಿರು ಕಾಣುತ್ತಿತ್ತು. ಮುಚ್ಚಿಡಲು ಅವಳು ಹೋಗಿರಲಿಲ್ಲ.

ದೇವೀರಮ್ಮ ರವಿಕೆಯ ಒಳಮಗ್ಗುಲು ಹೊರಹಾಕಿದರು. ಅಂಚಿಗೆ ದಾರ ಸುತ್ತಿತ್ತು, ಎಲ್ಲೂ ಎಳೆ ಬಿಟ್ಟಿರಲಿಲ್ಲ. ಆ ಅಂಚಿನಿಂದ ಒಳಗಿನ ಹೊಲಿಗೆಯವರೆಗೆ ತಮ್ಮ ಬೆರಳುಗಳನ್ನು ಇಟ್ಟು ನೋಡಿದರು. ಎರಡು ಬೆರಳು ಸರಿಯಾಗಿ ಕೂತವು. ನಡುವೆ ಇನ್ನೆರಡು ಸಾಲು ಹೊಲಿಗೆ ಕಾಯುತ್ತಿದ್ದವು.

ಎದ್ದು ಒಳಗೆ ಹೋದರು. ತೊಟ್ಟುಕೊಂಡು ಬಂದು ಎಲೆಯ ಮುಂದೆ ಕುಳಿತರು. ಕೋಸಂಬರಿ ಮುಗಿಯಿತು, ಚಿತ್ರಾನ್ನ ಮುಗಿಯಿತು, ಒಬ್ಬಟ್ಟೂ ಮುಗಿಯಿತು. ಭಾಮಿನಿ ಬಡಿಸುತ್ತ ಹೊಲಿಗೆಯ ಕಡೆಗೇ ನೋಡುತ್ತಿದ್ದಳು.

ಕೊನೆಗೆ ತಡೆಯಲಾರದೆ ಕೇಳಿದಳು.

"ಅಮ್ಮ, ನಾನಿನ್ನು ಬೋರ್ಡು ಹಾಕಬಹುದಾ?"

ದೇವೀರಮ್ಮ ಎಲೆಯನ್ನು ಅವಳ ಕಡೆಗೆ ಸ್ವಲ್ಪ ಸರಿಸಿದರು.

"ಮೊದಲು ಇನ್ನೊಂದು ಒಬ್ಬಟ್ಟು ಹಾಕು."